ಹಸಿರು ಟೋಪಿಯ ಕರೋಲೀನ

1891, ಏಪ್ರಿಲ್ 18, ಶನಿವಾರ

ನನಗೆ ಮದುವೆಯಾಯಿತು, ಮದುವೆಯಾಯಿತು, ಮದುವೆಯಾಯಿತು! ಒಲೆಯ ಮೇಲೆ ಕಾಳು ಬೇಯುತ್ತಿದೆ. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಪೆನ್ಸಿಲ್. ಮಿಸೆಸ್ ಫಿಂಟನ್ ಕೀಫ್. ಇನ್ನೊಮ್ಮೆ — ಮಿಸೆಸ್ ಫಿಂಟನ್ ಕೀಫ್! ಹೋದ ಸೋಮವಾರದವರೆಗೆ ಡುಬ್ಯೂಕ್ ಪಟ್ಟಣದ ಬೇಕರಿಯವನ ಮಗಳು ಟಿಲ್ಲಿ. ಈಗ ರೈಲ್ವೆ ಮೇಸ್ತ್ರಿಯ ಹೆಂಡತಿ. "ಜರ್ಮನ್ ಶಾಲೆ ಬಿಡಿಸಿ ಇಂಗ್ಲಿಷ್ ಶಾಲೆಗೆ ಹಾಕಿದ್ದು ಇದಕ್ಕಾ? ಐರಿಷ್ ಹುಡುಗನ ಹತ್ರ ಇಂಗ್ಲಿಷಲ್ಲಿ ಹಲ್ಕಿರಿಯೋಕಾ?" ಎಂದು ಅಮ್ಮ ಅತ್ತಳು. ಹೌದು ಅಮ್ಮ, ಅದಕ್ಕೇ!

ನಿನ್ನೆ ಸಂಜೆ ಊರಿಗೆ ಊರೇ ಕಿಟಕಿಯ ಕೆಳಗೆ. ಹೊಸ ಜೋಡಿ ಬಂದರೆ ಇಲ್ಲಿ ಹಾಗೆಯೇ. ತಗಡು, ಬಾಣಲೆ, ಹಸುವಿನ ಗಂಟೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿಯುತ್ತಾರೆ; ತಿನ್ನಲು ಕುಡಿಯಲು ಕೊಡುವವರೆಗೆ ಬಿಡುವುದಿಲ್ಲ. ಫಿಂಟನ್‌ನನ್ನು ಹೊತ್ತುಕೊಂಡು ಹೋಗಿ ಕುದುರೆಗಳ ನೀರಿನ ತೊಟ್ಟಿಯಲ್ಲಿ ಅದ್ದಿದರು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅತ್ತೆ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು.

"ನಗು, ನಗು. ನನ್ನ ಮದ್ವೇಲಿ ನನ್ನ ಹಂದಿ ಗೂಡಲ್ಲಿ ಕೂಡಿ ಹಾಕಿದ್ರು. ನಾನೂ ನಕ್ಕಿದ್ದೆ."

ಎಲ್ಲರಿಗಿಂತ ಜೋರಾಗಿ ಬಡಿದವನು ಒಬ್ಬ ಎತ್ತರದ ಮನುಷ್ಯ. ನಲವತ್ತೈದು ದಾಟಿರಬೇಕು. ಮೀಸೆಯೋ, ಹಿಟ್ಟಿನಲ್ಲಿ ಅದ್ದಿ ತೆಗೆದ ಪೊರಕೆ. ರೈಲ್ವೆ ಬಕೆಟ್ಟಿಗೆ ಸುತ್ತಿಗೆಯಿಂದ ಬಡಿಯುತ್ತ ನಾರ್ವೆಯ ಭಾಷೆಯಲ್ಲಿ ಹಾಡುತ್ತಿದ್ದ. ಕೇಕು ಕೊಡುವ ಹೊತ್ತಿಗೆ ಅವನೊಬ್ಬನೇ ಇಲ್ಲ.

"ಹಾಲ್ವರ್ ಅವನು. ನದಿ ಸೇತುವೆ ಕಾವಲುಗಾರ," ಎಂದ ಫಿಂಟನ್, ತೊಟ್ಟಿಯ ನೀರು ಇಳಿಸಿಕೊಳ್ಳುತ್ತ. "ಸಂಜೆ ಗಾಡಿಗೆ ಮುಂಚೆ ಸೇತುವೆ ಮುಟ್ಬೇಕು. ಓಡಿರ್ತಾನೆ."

ಕಾಳು ಸೀಯುತ್ತಿದೆ!

ಏಪ್ರಿಲ್ 19, ಭಾನುವಾರ

ಚರ್ಚಿನಿಂದ ಬಂದು ಹಳಿಯ ಮೇಲೆ ಟ್ರಾಲಿ ಸವಾರಿ. ಜಗತ್ತಿನಲ್ಲಿ ಯಾವ ಮದುಮಗಳಿಗೆ ಸಿಕ್ಕಿದೆ! ಫಿಂಟನ್ ಒಬ್ಬನೇ ಸನ್ನೆಗೋಲು ಒತ್ತುತ್ತ, ನಾನು ಮುಂದೆ ಕಾಲು ಇಳಿಬಿಟ್ಟು, ಎರಡೂ ಕಡೆ ಉತ್ತ ಜೋಳದ ಹೊಲಗಳು. ತನ್ನ ಸೇತುವೆಗಳನ್ನೆಲ್ಲ ತೋರಿಸಿದ. ಈ ಜಿಲ್ಲೆಯಲ್ಲಿ ಇರುವವು ಮೂರು. ಗಿರಣಿ ಹಳ್ಳದ ಮೇಲೆ ಕಲ್ಲಿನ ಕಮಾನು. ಅದರ ಕಲ್ಲು ಕಡಿದವನು ಫಿಂಟನ್‌ನ ಅಪ್ಪ. ಆಮೇಲೆ ಕಬ್ಬಿಣದ್ದು, ಕಸೂತಿಯ ಹಾಗೆ. ಕೊನೆಗೆ ನದಿಯ ಮೇಲಿನದು. ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಉದ್ದ, ಪೂರಾ ಮರ. ಬಿಸಿಲಿಗೆ ಡಾಂಬರಿನ ವಾಸನೆ. ಪಕ್ಕಗಳಲ್ಲಿ ಅಲ್ಲಲ್ಲಿ ಹಲಗೆಯ ಕಟ್ಟೆ, ಕಟ್ಟೆಯ ಮೇಲೆ ನೀರಿನ ಪೀಪಾಯಿ. ಇಂಜಿನ್ ಉದುರಿಸಿದ ಒಂದು ಕೆಂಡ ಸಾಕಂತೆ, ಸೇತುವೆ ಬೂದಿಯಾಗಲು. ಅದಕ್ಕೇ ಪ್ರತಿ ಗಾಡಿಯ ಹಿಂದೆ ಹಾಲ್ವರ್ ಬಕೆಟ್ ಹಿಡಿದು ಈ ತುದಿಯಿಂದ ಆ ತುದಿಗೆ ನಡೆಯಬೇಕು.

ಆಚೆ ದಡದಲ್ಲಿ ಅವನ ಮನೆ! ರೈಲ್ವೆಯವರದು. ಎರಡು ಕೋಣೆ, ನಡುವೆ ಗೋಡೆ — ನಿಜವಾದ ಗೋಡೆ! ಬಾವಿ, ಹೂಬಿಟ್ಟ ಪ್ಲಮ್ ಮರ, ಕೆಳಗೆ ನದಿ.

"ನನಗಿದು ಬೇಕು," ಎಂದೆ.

"ಹಾಲ್ವರ್ ಸಾಯ್ಬೇಕು, ಇಲ್ಲ ಕೆಲಸ ಕಳ್ಕೋಬೇಕು. ಆಮೇಲೆ ಮನೆ ಯಾರಿಗೆ ಅನ್ನೋದು ನನ್ನ ಕೈಲಿದೆ. ಆದ್ರೆ ಸಾಯೋ ಪೈಕಿ ಅಲ್ಲ ಅವನು."

"ಕೆಲಸ ಹೇಗೆ ಹೋಗುತ್ತೆ?"

"ಒಂದು ಗಾಡಿ ದಾಟೋ ಹೊತ್ತಿಗೆ ಜಾಗದಲ್ಲಿಲ್ಲ ಅಂದ್ರೆ ಮುಗೀತು. ಹೋದ್ ವರ್ಷ ಪಕ್ಕದ ಜಿಲ್ಲೇಲಿ ಒಬ್ಬನ್ನ ಹಾಗೇ ತೆಗೆದ್ರು. ಸಂಜೆಗೆಲ್ಲ ಮಂಚ ಒಲೆ ರಸ್ತೇಲಿ. ಹಾಲ್ವರ್ ಮಾತ್ರ ಜ್ವರ ಬಂದ್ರೂ ತೆವಳ್ಕೊಂಡಾದ್ರೂ ಹೋಗ್ತಾನೆ ಕಣೇ."

ಏಪ್ರಿಲ್ 27, ಸೋಮವಾರ, ಬಟ್ಟೆ ಒಗೆದ ಮೇಲೆ

ಬೆರಳುಗಳು ಸೋಪಿಗೆ ಸುಕ್ಕುಗಟ್ಟಿವೆ, ಆದರೂ ಬರೆಯಲೇಬೇಕು. ಅತ್ತೆಯ ಮನೆ ಒಂದೇ ಕೋಣೆ. ನಮ್ಮ ಮಂಚಕ್ಕೂ ಅವರ ಮಂಚಕ್ಕೂ ನಡುವೆ ಹಿಟ್ಟಿನ ಚೀಲ ಹೊಲಿದು ಮಾಡಿದ ಪರದೆ. ಗಿರಣಿಯ ಹೆಸರು ಇನ್ನೂ ಅಳಿಸಿಲ್ಲ. ಫಿಂಟನ್ ಕಿವಿಯಲ್ಲಿ ಏನಾದರೂ ಹೇಳಿದರೆ ಆ ಕಡೆಯಿಂದ ಒಂದು ಕೆಮ್ಮು. ನಾನು ನಕ್ಕರೆ ಎರಡು ಕೆಮ್ಮು. ಸದ್ದೇ ಇಲ್ಲದಿದ್ದರೆ — "ಏನ್ ಮಾಡ್ತಿದ್ದೀರಿ ನೀವಿಬ್ರು?"

ಇರಲಿ. ಇವತ್ತಿನದು ಕೇಳು ದಿನಚರಿಯೇ! ಮಧ್ಯಾಹ್ನ ಹಾಲ್ವರ್ ದೀಪದ ಎಣ್ಣೆಗೆ ಬಂದ. ಫಿಂಟನ್ ಕಾಫಿ ಕೊಟ್ಟು ಕಾಲೆಳೆಯತೊಡಗಿದ.

"ಏನ್ ಹಾಲ್ವರ್, ನಿನ್ನ ಕಿಟಕಿ ಕೆಳಗೆ ನಾವು ತಗಡು ಬಡಿಯೋದು ಯಾವಾಗ?"

"ನನಗೇನು ಹೆಣ್ಣು ಸಿಗಲ್ಲ ಅಂದ್ಕೊಂಡ್ರಾ ಮೇಸ್ತ್ರಿ? ಬೇಡ ಅಂತ ಬಿಟ್ಟಿದ್ದೀನಿ." ಮೀಸೆ ತಿರುವಿದ. "ನಾನು ಹಡಗು ಹತ್ತಿದಾಗ ಬರ್ಗೆನ್ನಲ್ಲಿ ಮೂರು ಹುಡುಗೀರು ಅತ್ರು."

"ಸಂತೋಷಕ್ಕೆ ಅತ್ತಿರ್ತಾರೆ ಬಿಡು."

ಅದೇನು ಹೊಕ್ಕಿತೋ ನನಗೆ! ಬಾಯಿಂದ ಬಂದೇಬಿಟ್ಟಿತು. "ಹಾಗನ್ಬೇಡ ಫಿಂಟನ್. ನನ್ನ ಚಿಕ್ಕಪ್ಪನ ಮಗಳು ಕರೋಲೀನ ಕೇಳಿದ್ಲು, ಸೇತುವೆ ಹತ್ರ ಬಾವುಟ ಹಿಡಿದು ನಿಂತಿದ್ದ ಆ ಗಂಡಸು ಯಾರು ಅಂತ. ನಮ್ಮ ಜೊತೆ ಗಾಡೀಲಿ ಬಂದಿದ್ಲಲ್ಲ, ಮಾರನೇ ದಿನವೇ ವಾಪಸ್ ಹೋದ್ಲು."

ಹಾಲ್ವರ್ ಲೋಟ ಕೆಳಗಿಟ್ಟ.

"ಹಸಿರು ಟೋಪಿ? ಕಿಟಕಿ ಪಕ್ಕ?"

"ಅವಳೇ!"

"ನೋಡಿದೆ," ಎಂದ ಮೆಲ್ಲಗೆ. "ಅವಳೂ ನೋಡಿದ್ಲು. ನನ್ನ ಕಡೆ ತಲೆ ಆಡಿಸಿದ್ಲು."

ಫಿಂಟನ್‌ಗೆ ಕಾಫಿ ಮೂಗಿಗೆ ಹತ್ತಿತು. ಯಾಕೆಂದರೆ ಕಿಟಕಿಯ ಪಕ್ಕ ಕೂತಿದ್ದದ್ದು ನನ್ನ ದಿಂಬಿನ ಗಂಟು! ಅಮ್ಮ ಕೊಟ್ಟ ಗರಿಯ ದಿಂಬುಗಳು, ಬೆಡ್‌ಶೀಟಿನಲ್ಲಿ ಕಟ್ಟಿದ್ದು. ಹೊಸ ಟೋಪಿ ನಜ್ಜಾಗಬಾರದೆಂದು ಅದರ ತಲೆಗೆ ಹಾಕಿದ್ದೆ. ಗಾಡಿ ಅಲ್ಲಾಡಿದಾಗ ತಲೆ ಆಡಿಸಿರಬೇಕು!

ಮಲಗುವಾಗ ಫಿಂಟನ್ ದಿಂಬಿಗೆ, "ಜರುಗಿ ಮಲ್ಕೊ ಕರೋಲೀನ," ಎಂದ. ಸತ್ತೆ ನಗುವಿಗೆ. ಪರದೆಯಾಚೆ ಮೂರು ಕೆಮ್ಮು.

ಮೇ 3, ಭಾನುವಾರ

ಹಾಲ್ವರ್ ಬಂದಿದ್ದ. ಎಣ್ಣೆಗಲ್ಲ. ಒಂದು ಜಾಡಿ ಜೇನು, ಒಣಗಿಸಿದ ಮೀನು. "ಕರೋಲೀನಾಗೆ. ಡುಬ್ಯೂಕಿಗೆ ಯಾರಾದ್ರೂ ಹೋದ್ರೆ…"

ಹೋಗುತ್ತಾರೆ, ಹೋಗುತ್ತಾರೆ! ಜೇನು ನಮ್ಮ ಬಿಸ್ಕತ್ತಿನ ಮೇಲೆ ಹೋಯಿತು. ಎಂಥ ಜೇನು, ಪ್ಲಮ್ ಹೂವಿನ ವಾಸನೆ. ಅತ್ತೆ ಎರಡು ಸಲ ಬಡಿಸಿಕೊಂಡು, ಬೆರಳು ನೆಕ್ಕಿ ಹೇಳಿದರು: "ಅವನ ಮೂಗಿಗೆ ತುಪ್ಪ ಸವರಿ, ಅವನ ಜೇನು ನೀವು ನೆಕ್ಕೋದು. ಮೇರಿಮಾತೆ ನೋಡ್ತಿರ್ತಾಳೆ."

"ಜಾಡಿ ಈ ಕಡೆ ಕೊಡಮ್ಮ ಹಾಗಿದ್ರೆ," ಎಂದ ಫಿಂಟನ್.

ಕೊಡಲಿಲ್ಲ.

ಬದಲಿಗೆ ನಾನೊಂದು ಕರವಸ್ತ್ರ ಕಳಿಸಿದೆ, ಮೂಲೆಯಲ್ಲಿ 'ಕೆ' ಕಸೂತಿ. ಕೀಫ್‌ಗೆಂದು ಹಾಕಿದ್ದು. ಕರೋಲೀನಳಿಗೂ ಆಗುತ್ತದೆ!

ಮೇ 16, ಶನಿವಾರ

ಇದನ್ನು ಯಾರಿಗೂ ಹೇಳಲಾರೆ, ಆದ್ದರಿಂದ ಇಲ್ಲಿ. ಹಾಲ್ವರ್ ಕೇಳಿದ, ಕರೋಲೀನಾಗೆ ಮನೆ ಯಾವ ಬಣ್ಣದ್ದಿದ್ದರೆ ಇಷ್ಟ ಎಂದು. ಯೋಚಿಸದೆ ಹೇಳಿದೆ — ಹಳದಿ, ಬೆಣ್ಣೆಯ ಹಳದಿ, ಕಿಟಕಿಗೆ ಬಿಳಿ. ಬಳಿದೇಬಿಟ್ಟಿದ್ದಾನೆ! ಟ್ರಾಲಿಯಲ್ಲಿ ಹೋಗಿ ನೋಡಿದೆ. ಕನಸಿನಲ್ಲಿ ಕಂಡ ಹಾಗೆಯೇ ಇದೆ.

"ಅಡುಗೆಮನೇಲಿ ನದಿ ಕಡೆಗೊಂದು ಕಿಟಕಿ ಇದ್ರೆ ಅವಳಿಗೆ ತುಂಬಾ ಇಷ್ಟ ಆಗುತ್ತೆ," ಎಂದೆ.

"ನಾಳೆನೇ ಕೊಯ್ತೀನಿ. ಎತ್ತರ ಎಷ್ಟಿದ್ದಾಳೆ? ಶೆಲ್ಫ್ ಹೊಡೀಬೇಕು."

"ನನ್ನಷ್ಟೇ."

ಗೋಡೆಗೆ ನಿಲ್ಲಿಸಿ, "ಕೈಯೆತ್ತಿ," ಎಂದ. ನನ್ನ ಬೆರಳ ತುದಿಗೆ ಸೀಮೆಸುಣ್ಣದಿಂದ ಗೆರೆ ಹಾಕಿದ. ಅಷ್ಟು ದೊಡ್ಡ ಕೈ, ಅಷ್ಟು ಜೋಪಾನ. ಆಮೇಲೆ ಬಡಾಯಿ ಶುರು: ಅವನು ಕಾಯುವ ಸೇತುವೆಗೆ ಒಂದು ಸುಟ್ಟ ಕಲೆ ಇಲ್ಲವಂತೆ, ಆಯೋವ ರಾಜ್ಯದಲ್ಲೇ ಅಂಥ ಇನ್ನೊಂದಿಲ್ಲವಂತೆ, ಗವರ್ನರ್ ಬಂದರೂ ತೋರಿಸಬಹುದಂತೆ.

ವಾಪಸು ಬರುವಾಗ ಫಿಂಟನ್ ಎಂದ, "ಸಾಕು ಕಣೇ. ಅವನಿಗೆ ಹೇಳಿಬಿಡೋಣ, ದಿಂಬು ಅಂತ. ನಕ್ಕು ಮರೀತಾನೆ."

"ಶೆಲ್ಫ್ ಹೊಡೀಲಿ ತಾಳು," ಎಂದೆ. ತಮಾಷೆಗೆ.

ಮೇ 28, ಗುರುವಾರ

ಇದನ್ನು ಬರೆದು ಮುಗಿಸಿಬಿಡುತ್ತೇನೆ.

ಶೆಲ್ಫ್ ನೋಡಲು ಒಬ್ಬಳೇ ಹೊರಟೆ. ಸೇತುವೆಯ ಮೇಲೆ ನಡೆದು. ಆ ಹೊತ್ತಿಗೆ ಗಾಡಿ ಇಲ್ಲ ಎಂದು ನನಗೆ ಬಾಯಿಪಾಠ. ನಡುಮಧ್ಯೆ ಇದ್ದಾಗ ಹಲಗೆ ನಡುಗಿತು. ಹೊತ್ತಲ್ಲದ ಹೊತ್ತಿನಲ್ಲಿ ಒಂದು ಸರಕು ಗಾಡಿ. ಕಾಲು ಕೀಳಲಿಲ್ಲ. ಹಳಿಯ ಅಡ್ಡದಿಮ್ಮಿಗಳ ಸಂದಿಯಲ್ಲಿ ಕೆಳಗೆ ನೀರು, ಎದುರಿಗೆ ಇಂಜಿನ್, ಕೂಗು… ಹಾಲ್ವರ್ ಆ ತುದಿಯಿಂದ ಓಡಿ ಬಂದ. ಕುರಿಮರಿಯಂತೆ ಎತ್ತಿ ಪೀಪಾಯಿ ಕಟ್ಟೆಯ ಮೇಲೆ ಒಗೆದು ತಾನು ಅಡ್ಡ ಒರಗಿದ. ಗಾಡಿ ಹೋಗುತ್ತಲೇ ಇತ್ತು. ತೋಳಿನ ಮೇಲೆ ಕೆಂಡ ಬಿತ್ತು, ಅಂಗೈಯಿಂದ ಹೊಸಕಿ ಆರಿಸಿದ.

ಗಾಡಿ ದಾಟಿದ ಮೇಲೆ ಗೊತ್ತಾಯಿತು. ಲಂಗ ಒದ್ದೆ. ಪೀಪಾಯಿಯ ನೀರಲ್ಲ.

ಅವನು ನೋಡಿದ. ನೋಡಿ, ಬಕೆಟ್ ತುಂಬಿ ನನ್ನ ಸೊಂಟದಿಂದ ಕೆಳಗೆ ಸುರಿದ. "ಅಯ್ಯೋ, ಬಕೆಟ್ ಚೆಲ್ತು. ನನ್ನ ಕೈಯೇ ಹೀಗೆ. ಮನೇಲಿ ಹಾಗೇ ಹೇಳಿ ಮಿಸೆಸ್ ಕೀಫ್. ನಾನೂ ಹಾಗೇ ಹೇಳ್ತೀನಿ." ಆಮೇಲೆ ಗಾಡಿಯ ಹಿಂದೆ ನಡೆದ, ಕೆಂಡ ಆರಿಸುತ್ತ.

ಯಾರಿಗೂ ಹೇಳುವುದಿಲ್ಲ ಅವನು. ಗೊತ್ತು. ಹೇಳದೆ ಇಟ್ಟುಕೊಳ್ಳುತ್ತಾನೆ. ಎಣ್ಣೆಗೆ ಬಂದಾಗಲೆಲ್ಲ ನನ್ನ ಮುಖ ನೋಡಿ, ಹೇಳದೆ, ಕಾಫಿ ಕುಡಿಯುತ್ತಾನೆ. ಊರೆಲ್ಲ ನಗುವ ಮನುಷ್ಯ — ಅವನು ನನ್ನ ಮೇಲೆ ಕನಿಕರ ಪಡುವುದೆ? ಬೈದಿದ್ದರೂ ಸಹಿಸುತ್ತಿದ್ದೆ. ನಕ್ಕಿದ್ದರೂ.

ಶೆಲ್ಫ್ ನೋಡಲಿಲ್ಲ.

ಜೂನ್ 14, ಭಾನುವಾರ

ಇಷ್ಟು ದಿನ ಬರೆಯುವ ಮನಸ್ಸಿರಲಿಲ್ಲ. ಇವತ್ತು ಬರೆಯದಿದ್ದರೆ ಸಿಡಿದುಹೋಗುತ್ತೇನೆ!

ಊರಿಗೆ ಹಲ್ಲಿನ ಡಾಕ್ಟರ್ ಬಂದಿದ್ದ, ಕುದುರೆ ಜೀನು ಮಾಡುವವನ ಅಂಗಡಿಯಲ್ಲಿ ಕುರ್ಚಿ ಹಾಕಿಕೊಂಡು. ಹಾಲ್ವರ್‌ನ ಕೆಳಗಿನ ಹಲ್ಲು ಕೆಟ್ಟಿದ್ದವು. ಮೇಲಿನವೂ ಸೇರಿ ಎಲ್ಲವನ್ನೂ ಕೀಳಿಸಿದ್ದಾನೆ! ಎಲ್ಲವನ್ನೂ! ಹೊಸ ಸಾಲು ಚಿಕಾಗೋದಿಂದ ಬರಬೇಕು. ಕರವಸ್ತ್ರ ಬಾಯಿಗೊತ್ತಿಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದ — ನಾನು ಕಸೂತಿ ಹಾಕಿದ ಕರವಸ್ತ್ರವೇ. ಕುಂಬಳಕಾಯಿಯಂಥ ಮುಖ.

"ಕರೋಲೀನ ಬೇಜಾರು ಮಾಡ್ಕೋತಾಳಾ? ಹೊಸದು ಬರೋವರೆಗೆ?"

"ಇಲ್ಲ ಬಿಡು. ಅವಳಿಗೂ ಹಲ್ಲಿಲ್ಲ," ಎಂದುಬಿಟ್ಟ ಫಿಂಟನ್. ಮುಷ್ಟಿ ಕಚ್ಚಿಕೊಂಡು ಹೊರಗೋಡಿದೆ. ಕೋಳಿಗೂಡಿನ ಹಿಂದೆ ಕೂತು ಕಣ್ಣೀರು ಬರುವವರೆಗೆ ನಕ್ಕೆ. ಎಷ್ಟು ದಿನದ ಮೇಲೆ!

ಒಳಗೆ ಬಂದಾಗ ಅವನೂ ನಗುತ್ತಿದ್ದ, ಬರಿ ಒಸಡಿನಲ್ಲಿ. "ಮೇಸ್ತ್ರಿ ತಮಾಷೆ ಮನುಷ್ಯ. ಪಾದ್ರಿ ಹತ್ರನೂ ಹೋಗಿದ್ದೆ ಮಿಸೆಸ್ ಕೀಫ್. ನಾನು ಲೂಥರನ್ ಪಂಥದವನು, ಅವಳು ನಿಮ್ಮ ಹಾಗೆ ಕ್ಯಾಥೊಲಿಕ್ ಅಲ್ವಾ. ಸೇರ್ಕೊಳ್ತೀನಿ ಅಂದೆ. ನನಗೇನು, ದೇವರು ಆ ಕಡೆ ದಡದಲ್ಲಿದ್ರೂ ಈ ಕಡೆ ದಡದಲ್ಲಿದ್ರೂ ಸೇತುವೆ ಒಂದೇ."

ಅವನು ಹೋದ ಮೇಲೆ ಫಿಂಟನ್ ನಗಲಿಲ್ಲ. "ಹಲ್ಲು ವಾಪಸ್ ಬರಲ್ಲ ಟಿಲ್ಲಿ. ನಾಳೆ ಹೇಳ್ಬಿಡ್ತೀನಿ."

"ಹೇಳಿದ್ರೆ ನಾನು ಅಮ್ಮನ ಮನೆಗೆ ಹೋಗ್ತೀನಿ."

ಹೇಳಲಿಲ್ಲ.

ಜೂನ್ 20, ಶನಿವಾರ

ಸಂಜೆ ಊಟಕ್ಕೆ ಆಲೂಗಡ್ಡೆ, ಹಂದಿ ಮಾಂಸ. ಫಿಂಟನ್ ಸುದ್ದಿ ತಂದ: ಗುರುವಾರ ಸೂಪರಿಂಟೆಂಡೆಂಟ್ ಸಾಹೇಬರು ಲೈನ್ ನೋಡಲು ಬರುತ್ತಾರೆ. ಮಧ್ಯಾಹ್ನ ಡುಬ್ಯೂಕಿನಿಂದ ಬರುವ ಏಳನೇ ನಂಬರ್ ಗಾಡಿಯ ಬಾಲಕ್ಕೆ ಅವರ ಬೋಗಿ. ಗ್ಯಾಂಗಿಗೆ ಹೇಳಿ ಹುಲ್ಲು ಕೊಯ್ಯಿಸಬೇಕು, ಬೋಲ್ಟ್ ಬಿಗಿಸಬೇಕು…

"ಸೇತುವೆ ಮೇಲೆ ಕಾವಲುಗಾರ ಇದ್ದಾನಾ ಅಂತ ನೋಡ್ತಾರಾ ಅವರು?" ಎಂದೆ.

"ಹಿಂದಿನ ಮೆಟ್ಟಿಲ ಮೇಲೆ ನಿಂತು ಅದನ್ನೇ ಮೊದಲು ನೋಡೋದು."

ನಾನು ಇನ್ನೊಂದು ಆಲೂಗಡ್ಡೆ ಬಡಿಸಿದೆ.

"ಏಳನೇ ನಂಬರಲ್ಲೇ ಕರೋಲೀನ ಬಂದ್ರೆ?"

ಫಿಂಟನ್ ನನ್ನನ್ನೇ ನೋಡಿದ. ಸ್ಟೇಷನ್ ಈಚೆ, ಸೇತುವೆ ಆಚೆ, ನಡುವೆ ಒಂದು ಗಂಟೆಯ ದಾರಿ. ಅವನಿಗೆ ನಾನು ವಿವರಿಸಬೇಕಾಗಿರಲಿಲ್ಲ.

"ನೀನು ಬೇಕರಿಯವನ ಮಗಳಾ, ಕಟುಕನ ಮಗಳಾ?"

"ನಿನ್ನ ಹೆಂಡತಿ. ಹಿಟ್ಟಿನ ಚೀಲದ ಹಿಂದೆ ಇರೋ ನಿನ್ನ ಹೆಂಡತಿ. ಸೆಪ್ಟೆಂಬರಲ್ಲೂ ಅಲ್ಲೇ, ಹೆರಿಗೆ ಆದ್ರೂ ಅಲ್ಲೇ." ಹೆರಿಗೆಯ ಮಾತು ಸುಳ್ಳು. ಇನ್ನೂ ಏನೂ ಇಲ್ಲ. ಆದರೆ ಅವನ ಮುಖ ಮೆತ್ತಗಾಯಿತು.

ಆಮೇಲೆ ಎದ್ದು ಪೈಪು ತುಂಬುತ್ತ, ಗೋಡೆಗೆ ಹೇಳುವ ಹಾಗೆ ಹೇಳಿದ. "ಸೇತುವೆ ಸುಡಬಾರದು. ಗ್ಯಾಂಗಿನವನೊಬ್ಬನನ್ನ ದಡದ ಪೊದೇಲಿ ಕೂರಿಸ್ಬೇಕು. ಸಾಹೇಬರ ಬೋಗಿ ಮರೆಯಾದ ಮೇಲೆ ಹೋಗಿ ಕೆಂಡ ಆರಿಸ್ಲಿ."

ಅತ್ತೆ ಮೂಲೆಯಲ್ಲಿ ಕಾಲುಚೀಲ ಹೆಣೆಯುತ್ತಿದ್ದರು.

"ನಾನೇನೂ ಕೇಳಿಸ್ಕೊಂಡಿಲ್ಲ," ಎಂದರು. ಒಂದು ಸುತ್ತು ಹೆಣೆದು ಮತ್ತೆ — "ಆ ಕಡೆ ಬಾವಿ ನೀರು ಸಿಹಿ ಅಂತಾರೆ. ನೀವು ಹೋದ್ರೆ ನನಗೂ ಇಲ್ಲಿ ಕಣ್ತುಂಬ ನಿದ್ದೆ ಬರುತ್ತೆ."

ಜೂನ್ 22, ಸೋಮವಾರ

ಕಿಟಕಿಗೆ ಬಟ್ಟೆ ತಂದೆ. ಬಿಳಿ, ನೀಲಿ ಚುಕ್ಕೆ. ಬರೀ ತಂದಿದ್ದೇನೆ. ಹೊಲಿದಿಲ್ಲ.

ಅವನಿಗೆ ಇನ್ನೆಲ್ಲಾದರೂ ಕೆಲಸ ಸಿಗುತ್ತದೆ. ಅಷ್ಟು ದೊಡ್ಡ ಕೈಗಳು. ಮರ ಕಡಿಯುವಲ್ಲಿ, ದೋಣಿಯ ಮೇಲೆ. ಒಂಟಿ ಗಂಡಸಿಗೆ ಎರಡು ಕೋಣೆ ಏಕೆ?

ಬೆಳಗ್ಗೆ ಎದ್ದಾಗ ಅಂದುಕೊಂಡೆ, ಅವನು ಬಂದರೆ ಹೇಳಿಬಿಡೋಣ, ಕರೋಲೀನಳಿಗೆ ಬೇರೆ ಕಡೆ ನಿಶ್ಚಯವಾಯಿತು ಎಂದು. ಅಳುತ್ತಾನೆ, ಬಡಾಯಿ ಕೊಚ್ಚುತ್ತಾನೆ, ಮುಗಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಹಾಗನ್ನಿಸಲಿಲ್ಲ. ಈಗ ಮತ್ತೆ ಅನ್ನಿಸುತ್ತಿದೆ. ಎಂಥ ಸೆಕೆ!

ಜೂನ್ 23, ಮಂಗಳವಾರ, ಬೆಳಗ್ಗೆ

ಈಗ ತಾನೇ ಹೋದ. ಇಸ್ತ್ರಿ ಅರ್ಧಕ್ಕೇ ಬಿಟ್ಟು ಬರೆಯುತ್ತಿದ್ದೇನೆ.

ಮೀಸೆಗೆ ಎಣ್ಣೆ ಹಚ್ಚಿ ಬಂದಿದ್ದ. ಊತ ಇಳಿದಿದೆ, ಕೆನ್ನೆ ಒಳಗೆ ಹೋಗಿವೆ, ಒಮ್ಮೆಲೇ ಹತ್ತು ವರ್ಷ ಮುದುಕ. ಟೋಪಿ ಕೈಯಲ್ಲಿ.

"ಮೇಸ್ತ್ರಿ ಅಂದ್ರು, ಅವಳು ಬರ್ತಾಳಂತೆ, ದಿನ ನಿಮಗೇ ಗೊತ್ತು ಅಂತ."

ಫಿಂಟನ್! ಅರ್ಧ ಹೇಳಿ ಉಳಿದರ್ಧ ನನ್ನ ಕೈಗೆ ಬಿಟ್ಟಿದ್ದಾನೆ. ಚೆನ್ನಾಗಿ ಕೈತೊಳೆದುಕೊಂಡ.

"ಬೆಳಗಿನ ಗಾಡಿಗೆ ಬರೋಕೆ ಹೇಳ್ತೀರಾ ಮಿಸೆಸ್ ಕೀಫ್? ಅದು ದಾಟಿದ ಮೇಲೆ ಮಧ್ಯಾಹ್ನದ ತನಕ ಇನ್ನೊಂದಿಲ್ಲ. ಸೇತುವೆ ಒಂದ್ಸಲ ನೋಡ್ಕೊಂಡು ಓಡ್ಬರ್ತೀನಿ. ಅವಳು ಸ್ವಲ್ಪ ಬೆಂಚಿನ ಮೇಲೆ ಕೂತಿದ್ರೆ…"

ಇಸ್ತ್ರಿ ಮಾಡುತ್ತಲೇ ಇದ್ದೆ. ಹೇಳಬೇಕೆಂದಿದ್ದ ಮಾತು, ಬೇರೆ ಕಡೆ ನಿಶ್ಚಯವಾದ ಮಾತು, ನಾಲಿಗೆಯ ತುದಿಯಲ್ಲಿತ್ತು. ನಿಜವಾಗಿ ಇತ್ತು.

ಅವನೇ ಸಮಾಧಾನ ಹೇಳಿದ. "ಅವಸರ ಏನಿಲ್ಲ. ಸುಗ್ಗಿ ಮುಗಿದ ಮೇಲೆ ಬಂದ್ರೂ ಸರಿ. ಚಳಿಗಾಲಕ್ಕಾದ್ರೂ ಸರಿ. ನಾನೆಲ್ಲಿಗೆ ಹೋಗ್ತೀನಿ? ಆ ಮನೆ ಬಿಟ್ಟು ನಾನು ಹೋಗೋದು ಹೆಣವಾಗೇ."

ಚಳಿಗಾಲಕ್ಕೆ. ಹಿಮ ಬಿದ್ದು, ಬಾಗಿಲು ಮುಚ್ಚಿ, ನಾವು ಮೂವರೂ ಒಂದೇ ಒಲೆಯ ಸುತ್ತ. ಅವನು ಅಲ್ಲಿ, ನನ್ನ ಕಿಟಕಿಯಲ್ಲಿ ನದಿ ನೋಡುತ್ತ. ಅವನು ಹೆಣವಾಗುವವರೆಗೆ.

"ಬೆಂಚಿನ ಮೇಲೆ ಕಾಯೋಳಲ್ಲ ಅವಳು," ಎಂದೆ. "ಇಳಿದ ಕೂಡ್ಲೇ ನೀವು ಕಾಣದಿದ್ರೆ ಅದೇ ಗಾಡಿ ಹತ್ತಿ ಮುಂದೆ ಹೋಗ್ತೀನಿ ಅಂದಿದ್ದಾಳೆ. ಹಾಗೆ ನಿಂತಿರೋ ಗಂಡಸು ಬೇಕಂತೆ ಅವಳಿಗೆ."

ಕಿಟಕಿಯಾಚೆ, ನದಿಯ ಕಡೆ ನೋಡಿದ. ಟೋಪಿಯ ಅಂಚು ಸುತ್ತಿಸುತ್ತ, ಮಗುವಿಗೆ ಹೇಳುವಂತೆ ತನ್ನಷ್ಟಕ್ಕೇ ಹೇಳಿಕೊಂಡ: "ಒಂದು ಗಾಡಿ. ಇಷ್ಟು ವರ್ಷಕ್ಕೆ ಒಂದೇ ಒಂದು ಗಾಡಿ." ಆಮೇಲೆ ನನ್ನ ಕಡೆ ತಿರುಗಿದ. "ಮೇಸ್ತ್ರಿ ಆ ಹೊತ್ತಿಗೆ ಯಾರನ್ನಾದ್ರೂ ಸೇತುವೆ ಮೇಲೆ ನಿಲ್ಲಿಸ್ತಾರಾ?"

"ನಿಲ್ಲಿಸ್ತಾನೆ."

"ನಿಮ್ಮ ಬಾಯಲ್ಲಿ ಬಂತಲ್ಲ, ಸಾಕು. ನಿಮ್ಮ ಉಪಕಾರ ಮರೆಯಲ್ಲ." ಕಣ್ಣು ಒದ್ದೆ. ಬೊಚ್ಚು ಬಾಯಿ ತೆರೆದು ನಕ್ಕ. "ಹೇಳಿ, ಯಾವತ್ತು?"

ಮೂಲೆಯಲ್ಲಿ ಅತ್ತೆಯ ಸೂಜಿಗಳ ಸದ್ದು ನಿಂತಿತು. ಇಸ್ತ್ರಿ ಪೆಟ್ಟಿಗೆಯನ್ನು ಒಲೆಯ ಮೇಲಿಟ್ಟೆ.

"ಗುರುವಾರ," ಎಂದೆ. "ಮಧ್ಯಾಹ್ನದ ಗಾಡಿ, ಏಳನೇ ನಂಬರ್. ಹಸಿರು ಟೋಪಿ ಹಾಕಿರ್ತಾಳೆ."